ಜವಾನನ ಕೈಗೆ ಕೊಟ್ಟ ಚೀಟಿ

ಮೂರೂವರೆ ದಶಕಗಳ ಹಿಂದಿನ ಮಾತು. ಜಿಲ್ಲಾ ಕೇಂದ್ರವೊಂದರ ಕಚೇರಿಯಲ್ಲಿ ನಾನು ಅಧಿಕಾರಿಯಾಗಿದ್ದೆ. ಅಲ್ಲಿನ ರೆಕಾರ್ಡ್ ರೂಮಿಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಬಾಗಿಲಿಗೆ ಬೀಗವಿತ್ತು, ಕೀಲಿಕೈ ಹಿಡಿದ ಗುಮಾಸ್ತರಿದ್ದರು. ಹೀಗಿದ್ದೂ ಒಂದು ದಿನ ಜಮೀನು ದಲ್ಲಾಳಿಯೊಬ್ಬನ ಕೈಯಲ್ಲಿ ಬಡ ರೈತನೊಬ್ಬನ ಮೂಲ ಕಡತವೇ ಕಾಣಿಸಿತು. ವಿಚಾರಣೆ ಮಾಡಿದಾಗ ತಿಳಿದದ್ದು ಇಷ್ಟು: ಆತ ಬೀಗ ಮುರಿದಿರಲಿಲ್ಲ, ಲಂಚವನ್ನೂ ಕೊಟ್ಟಿರಲಿಲ್ಲ. ನನ್ನ ಕೊಠಡಿಯ ಬಾಗಿಲಲ್ಲಿ ಕುಳಿತಿದ್ದ ಜವಾನನ ಕೈಗೆ ಕಡತದ ಸಂಖ್ಯೆ ಬರೆದ ಚೀಟಿಯೊಂದನ್ನು ಕೊಟ್ಟು, ‘ಇದನ್ನು ತರಬೇಕಂತೆ’ ಎಂದಿದ್ದ. ಜವಾನ ಹೋದ, ಕೇಳಿದ, ತಂದ. ‘ಸಾಹೇಬರ ಜವಾನ’ ಎಂಬ ಒಂದೇ ಕಾರಣಕ್ಕೆ ಗುಮಾಸ್ತರು ಚೀಟಿ ಯಾರದೆಂದು ವಿಚಾರಿಸಲಿಲ್ಲ.

ನಾನು ಜವಾನನನ್ನು ಅಮಾನತಿನಲ್ಲಿಡಲು ಹೊರಟಿದ್ದೆ. ನಮ್ಮ ಹಿರಿಯ ಶಿರಸ್ತೇದಾರರು ತಡೆದರು. ‘ಸ್ವಾಮಿ, ಅವನು ಹೇಳಿದ್ದನ್ನು ಮಾಡಿದ್ದಾನೆ. ಅವನನ್ನು ಕಂಡರೆ ಯಾವ ಬಾಗಿಲಾದರೂ ತೆರೆಯಬಹುದೆಂದು ನಾವೇ ಒಪ್ಪಿಕೊಂಡಿದ್ದೆವಲ್ಲ, ಅದು ತಪ್ಪು’ ಎಂದರು.

ಅವರ ಈ ಮಾತು ನನಗೆ ಮತ್ತೆ ನೆನಪಾದದ್ದು ಗಣಕ ಭದ್ರತೆಯ ಒಂದು ದೋಷದ ಬಗ್ಗೆ ಓದುವಾಗ. ಅದರ ಹೆಸರು ‘ಸರ್ವರ್ ಸೈಡ್ ರಿಕ್ವೆಸ್ಟ್ ಫೋರ್ಜರಿ’, ಸಂಕ್ಷೇಪವಾಗಿ ಎಸ್‌ಎಸ್‌ಆರ್‌ಎಫ್. ಹೆಸರು ಭಯ ಹುಟ್ಟಿಸುವಂತಿದ್ದರೂ ಸಂಗತಿ ನಮ್ಮ ಜವಾನನದೇ. ಇಂದಿನ ಅನೇಕ ಜಾಲತಾಣಗಳು ಬಳಕೆದಾರನ ಪರವಾಗಿ ತಾವೇ ಹೊರಗೆ ಹೋಗಿ ಏನಾದರೊಂದನ್ನು ತರುತ್ತವೆ. ನೀವು ಒಂದು ಚಿತ್ರದ ವಿಳಾಸ ಕೊಟ್ಟರೆ ಸರ್ವರ್ ಆ ಚಿತ್ರವನ್ನು ತಂದು ಹಾಕುತ್ತದೆ. ಸುದ್ದಿಯ ಕೊಂಡಿ ಕೊಟ್ಟರೆ ಅದರ ಶೀರ್ಷಿಕೆಯನ್ನು ತಂದು ತೋರಿಸುತ್ತದೆ. ಇದು ಸೌಕರ್ಯವೇ. ಆದರೆ ವಂಚಕನೊಬ್ಬ ಚಿತ್ರದ ವಿಳಾಸದ ಬದಲು ಸಂಸ್ಥೆಯ ಒಳಕೋಣೆಯ ವಿಳಾಸ ಬರೆದುಕೊಟ್ಟರೆ? ಹೊರಗಿನಿಂದ ಅವನಿಗೆ ಆ ಕೋಣೆ ಕಾಣುವುದಿಲ್ಲ. ಸರ್ವರ್ ಮಾತ್ರ ಒಳಗಿನದು, ನಂಬಿಕಸ್ಥ. ಅದು ಹೋಗಿ ಕೇಳಿದರೆ ಒಳಗಿನ ಯಂತ್ರಗಳು ಪ್ರಶ್ನಿಸದೆ ಕೊಡುತ್ತವೆ. ಇತರರ ಮಾತಿಗೆ ತನ್ನ ಅಧಿಕಾರವನ್ನು ಬಳಸಿಬಿಡುವ ಇಂಥ ಸೇವಕನನ್ನು ಗಣಕಶಾಸ್ತ್ರಜ್ಞ ನಾರ್ಮ್ ಹಾರ್ಡಿ 1988ರಲ್ಲೇ ‘ಗೊಂದಲಕ್ಕೆ ಬಿದ್ದ ಪ್ರತಿನಿಧಿ’ ಎಂದು ಕರೆದಿದ್ದರು.

ಇದು ಕೇವಲ ತಾತ್ವಿಕ ಚರ್ಚೆಯಲ್ಲ ಎಂಬುದಕ್ಕೆ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ಸಾಕ್ಷಿ. ಈ ಬ್ಯಾಂಕು ತನ್ನ ದತ್ತಾಂಶವನ್ನು ಅಮೆಜಾನ್ ಕಂಪನಿಯ ಕ್ಲೌಡ್‌ನಲ್ಲಿ ಇರಿಸಿತ್ತು. 2019ರ ಮಾರ್ಚ್‌ನಲ್ಲಿ, ಹಿಂದೊಮ್ಮೆ ಅದೇ ಕ್ಲೌಡ್ ವಿಭಾಗದಲ್ಲಿ ಕೆಲಸ ಮಾಡಿದ್ದ ವ್ಯಕ್ತಿಯೊಬ್ಬರು ಬ್ಯಾಂಕಿನ ರಕ್ಷಣಾ ಗೋಡೆಯ ತಂತ್ರಾಂಶವನ್ನೇ ಜವಾನನನ್ನಾಗಿ ಮಾಡಿಕೊಂಡರು. ಕಾವಲಿಗೆಂದು ಇಟ್ಟಿದ್ದ ಆ ತಂತ್ರಾಂಶದ ವ್ಯವಸ್ಥೆಯಲ್ಲೇ ಲೋಪವಿತ್ತು.

ಈ ಕ್ಲೌಡ್‌ನ ಪ್ರತಿ ಯಂತ್ರಕ್ಕೂ ಒಂದು ಒಳವಿಳಾಸವಿರುತ್ತದೆ: 169.254.169.254. ಯಂತ್ರವು ತನ್ನ ಕುರಿತ ವಿವರಗಳನ್ನೂ ತನಗೆ ದತ್ತವಾದ ತಾತ್ಕಾಲಿಕ ಅಧಿಕಾರಪತ್ರವನ್ನೂ ಅಲ್ಲಿಂದ ಪಡೆಯುತ್ತದೆ. ಹೊರಗಿನವರಾರೂ ಅಲ್ಲಿಗೆ ತಲುಪಲಾರರು. ಯಂತ್ರ ಮಾತ್ರ ತಲುಪಬಲ್ಲದು. ಆ ವಿಳಾಸ ಬರೆದ ‘ಚೀಟಿ’ಯನ್ನು ಕಾವಲು ತಂತ್ರಾಂಶಕ್ಕೆ ಕೊಟ್ಟಾಗ ಅದು ಅಧಿಕಾರಪತ್ರವನ್ನು ತಂದು ಹೊರಗಿನವರ ಕೈಗಿತ್ತಿತು. ಆ ಪತ್ರಕ್ಕೆ ತೆರೆಯುತ್ತಿದ್ದ ಕಡತಕೋಶಗಳ ಸಂಖ್ಯೆ ಏಳುನೂರಕ್ಕೂ ಹೆಚ್ಚು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಹೊರಬಿದ್ದವು. ಅವುಗಳಲ್ಲಿ ಸುಮಾರು 1.4 ಲಕ್ಷ ಅಮೆರಿಕನ್ನರ ಸಾಮಾಜಿಕ ಭದ್ರತಾ ಸಂಖ್ಯೆಗಳೂ ಸುಮಾರು 80 ಸಾವಿರ ಬ್ಯಾಂಕ್ ಖಾತೆ ಸಂಖ್ಯೆಗಳೂ ಇದ್ದವು.

ಇದಕ್ಕಿಂತ ಕಳವಳಕಾರಿಯಾದ ಅಂಶ ಇನ್ನೊಂದಿದೆ. ಮಾರ್ಚ್‌ನಲ್ಲಿ ನಡೆದ ಕಳವು ಬ್ಯಾಂಕಿಗೆ ಗೊತ್ತಾದದ್ದು ಜುಲೈನಲ್ಲಿ. ಅದೂ ಹೊರಗಿನವರೊಬ್ಬರು ಇ-ಮೇಲ್ ಬರೆದು ತಿಳಿಸಿದ ಮೇಲೆ. ರೆಕಾರ್ಡ್ ರೂಮಿನ ವಹಿಯಲ್ಲಿ ನಮೂದುಗಳಿದ್ದವು, ಆದರೆ ಅದನ್ನು ಓದಿ ಎಚ್ಚರಗೊಂಡವರು ಇರಲಿಲ್ಲ.

ತಡೆಯುವುದು ಹೇಗೆ? ಮೊದಲನೆಯದಾಗಿ, ಜವಾನ ಎಲ್ಲೆಲ್ಲಿಗೆ ಹೋಗಬಹುದು ಎಂಬ ಪಟ್ಟಿ ಇರಬೇಕು. ‘ಇಲ್ಲಿಗೆ ಹೋಗಬೇಡ’ ಎಂಬ ನಿಷೇಧದ ಪಟ್ಟಿ ಸಾಲದು. ಒಂದೇ ವಿಳಾಸವನ್ನು ಹಲವು ವೇಷಗಳಲ್ಲಿ ಬರೆಯಬಹುದು. ಯಂತ್ರವು ತನ್ನನ್ನೇ ಕರೆದುಕೊಳ್ಳುವ 127.0.0.1 ಎಂಬ ವಿಳಾಸವನ್ನು 2130706433 ಎಂಬ ಒಂದೇ ಅಂಕಿಯಾಗಿಯೂ ಬರೆಯಲು ಬರುತ್ತದೆ. ತಪಾಸಣೆಯ ವೇಳೆ ಹೊರಗಿನ ವಿಳಾಸ ತೋರಿಸಿ, ಮರುಕ್ಷಣ ಒಳಗಿನ ವಿಳಾಸಕ್ಕೆ ತಿರುಗುವ ಹೆಸರುಗಳೂ ಉಂಟು. ಆದ್ದರಿಂದ ಹೆಸರನ್ನು ನೋಡಿದರೆ ಸಾಲದು, ಅದು ಕೊನೆಗೆ ಮುಟ್ಟುವ ಸ್ಥಳವನ್ನೂ ನೋಡಬೇಕು; ನಡುದಾರಿಯಲ್ಲಿ ‘ಅಲ್ಲಿಗೆ ಹೋಗು’ ಎಂದು ಬೇರೆಯವರು ತಿರುಗಿಸಿದರೆ ಕುರುಡಾಗಿ ಹೋಗಕೂಡದು.

ಎರಡನೆಯದಾಗಿ, ಒಳಗಿನವನೆಂಬ ಕಾರಣಕ್ಕೇ ಯಾರನ್ನೂ ನಂಬಬಾರದು. ಅಮೆಜಾನ್ 2019ರ ನವೆಂಬರ್‌ನಲ್ಲಿ ತನ್ನ ಒಳವಿಳಾಸದ ಸೇವೆಗೆ ಹೊಸ ಪದ್ಧತಿಯೊಂದನ್ನು ತಂದಿತು. ಅದರಂತೆ ಯಂತ್ರವು ಮೊದಲು ಬೇರೊಂದು ರೀತಿಯ ಕೋರಿಕೆ ಸಲ್ಲಿಸಿ ಟೋಕನ್ ಪಡೆದು, ಅದನ್ನು ತೋರಿಸಿದರಷ್ಟೇ ಅಧಿಕಾರಪತ್ರ ದೊರೆಯುತ್ತದೆ. ಬರೀ ಚೀಟಿ ಹಿಡಿದು ಬಂದವನಿಗೆ ಸಾಮಾನ್ಯವಾಗಿ ಇದು ಸಾಧ್ಯವಾಗುವುದಿಲ್ಲ. ನಮ್ಮ ಖಜಾನೆಗಳ ಭದ್ರಕೋಣೆಗೆ ಇಬ್ಬರ ಬಳಿ ಬೇರೆ ಬೇರೆ ಕೀಲಿಕೈ ಇರುವ ಜೋಡಿ ಬೀಗದ ಕ್ರಮದ ಹಿಂದಿರುವ ವಿವೇಕವೂ ಇದೇ.

ಮೂರನೆಯದು, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಕಾವಲು ತಂತ್ರಾಂಶಕ್ಕೆ ಏಳುನೂರು ಕಡತಕೋಶಗಳ ಕೀಲಿಕೈ ಏತಕ್ಕೆ ಬೇಕಿತ್ತು? ಚೀಟಿ ಮೋಸದ್ದೇ ಆಗಿದ್ದರೂ ಜವಾನನ ಕೀಲಿಕೈಗೆ ಒಂದೇ ಕಪಾಟು ತೆರೆಯುವಂತಿದ್ದರೆ ನಷ್ಟವೂ ಒಂದೇ ಕಪಾಟಿನದಾಗಿರುತ್ತಿತ್ತು.

ಉಪಾಯಗಳು ಇಷ್ಟು ಸರಳವಾಗಿದ್ದರೆ ಸಂಸ್ಥೆಗಳು ಏಕೆ ಅನುಸರಿಸುವುದಿಲ್ಲ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಉತ್ತರ ತಾಂತ್ರಿಕವಾದದ್ದಲ್ಲ. ಕಾರ್ಖಾನೆಯ ಹೊಗೆಯಂತೆ ಇಲ್ಲಿಯೂ ಅಜಾಗರೂಕತೆಯ ವೆಚ್ಚವನ್ನು ಭರಿಸುವವರು ಹೊರಗಿನವರು. ಕ್ಲೌಡ್‌ಗೆ ಹೋಗುವ ಮುನ್ನ ಅಪಾಯಗಳನ್ನು ಸರಿಯಾಗಿ ಅಂದಾಜಿಸಲಿಲ್ಲವೆಂದು ಅಮೆರಿಕದ ನಿಯಂತ್ರಕರು 2020ರಲ್ಲಿ ಕ್ಯಾಪಿಟಲ್ ಒನ್‌ಗೆ 8 ಕೋಟಿ ಡಾಲರ್ ದಂಡ ಹಾಕಿದರು. ಗ್ರಾಹಕರು ಹೂಡಿದ ಮೊಕದ್ದಮೆ 2022ರಲ್ಲಿ 19 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಎರಡನ್ನೂ ಕೂಡಿಸಿ ಬಾಧಿತರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಮೂರು ಡಾಲರ್ ಕೂಡ ಆಗುವುದಿಲ್ಲ. ಒಬ್ಬ ವ್ಯಕ್ತಿಯ ಗುರುತಿನ ಬೆಲೆ ಇಷ್ಟೇ ಆದಲ್ಲಿ, ಅದರ ರಕ್ಷಣೆಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಕೆಂದು ಯಾವ ಲೆಕ್ಕಪರಿಶೋಧಕರೂ ಸಲಹೆ ಮಾಡಲಾರರು.

ನಮ್ಮ ದೇಶದ ಸ್ಥಿತಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿತು. ಗಮನಕ್ಕೇ ಬಾರದಿದ್ದರೆ ಆರು ಗಂಟೆಯ ಗಡಿಯಾರ ಓಡುವುದು ಯಾವಾಗ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಸ್ವಾಗತಾರ್ಹವೇ. ಆದರೆ ಆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಯಾರ ವಿವರ ಸೋರಿಹೋಯಿತೋ ಅವರಿಗಲ್ಲ. ನಷ್ಟ ಪ್ರಜೆಗೆ, ದಂಡ ಬೊಕ್ಕಸಕ್ಕೆ ಎಂಬ ಈ ಏರ್ಪಾಡು ಮರುಚಿಂತನೆಗೆ ಅರ್ಹವಾಗಿದೆ.

ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳು ಗಣಕವನ್ನೇರಿ ಎರಡು ದಶಕಗಳು ಕಳೆದಿವೆ. ಬ್ಯಾಂಕು, ಆಸ್ಪತ್ರೆ, ಶಾಲೆ, ತೆರಿಗೆ ಎಲ್ಲವೂ ಅದೇ ದಾರಿಯಲ್ಲಿವೆ. ಹಳೆಯ ರೆಕಾರ್ಡ್ ರೂಮಿನಲ್ಲಿ ಒಂದು ಚೀಟಿಗೆ ಒಂದು ಕಡತ ಹೋಗುತ್ತಿತ್ತು. ಇಂದು ಒಂದು ಚೀಟಿಗೆ ಹತ್ತು ಕೋಟಿ ಕಡತಗಳು ಹೋಗುತ್ತವೆ. ಜಗತ್ತಿನ ಅದೆಷ್ಟೋ ಸಂಸ್ಥೆಗಳ ತಂತ್ರಾಂಶ ನಮ್ಮ ಬೆಂಗಳೂರಿನಲ್ಲೇ ಸಿದ್ಧಗೊಳ್ಳುತ್ತಿರುವುದರಿಂದ ಈ ಎಚ್ಚರ ನಮ್ಮ ಮನೆಮಕ್ಕಳ ಹೊಣೆಯೂ ಹೌದು.

ಅಂದು ಶಿರಸ್ತೇದಾರರ ಸಲಹೆಯಂತೆ ಜವಾನನನ್ನು ಉಳಿಸಿಕೊಂಡು, ರೆಕಾರ್ಡ್ ರೂಮಿನ ಬಾಗಿಲಲ್ಲಿ ಒಂದು ವಹಿ ಇಟ್ಟೆವು. ಯಾವ ಕಡತ, ಯಾರಿಗಾಗಿ, ಯಾರ ಸಹಿ ಎಂಬ ಮೂರು ಅಂಕಣಗಳು. ಪ್ರತಿ ಶನಿವಾರ ನಾನೇ ಅದನ್ನು ಓದುತ್ತಿದ್ದೆ. ವೆಚ್ಚ ಎಂದರೆ ಒಂದು ವಹಿಯ ಬೆಲೆ ಮತ್ತು ವಾರಕ್ಕೆ ಅರ್ಧ ಗಂಟೆ. ರೈತನ ಕಡತ ಮರಳಿ ಬಂತು. ಹತ್ತು ಕೋಟಿ ಜನರ ವಿವರಗಳನ್ನು ಹಾಗೆ ಮರಳಿ ತಂದು ಕಪಾಟಿನಲ್ಲಿಡಲು ಯಾರಿಗೂ ಸಾಧ್ಯವಿಲ್ಲ.