ಅನಿಮೆ ಧಾರಾವಾಹಿಗಳು: ಗುಣವೆಷ್ಟು, ದೋಷವೆಷ್ಟು?



ನಿಮ್ಮಲ್ಲಿ ಬಹಳ ಮಂದಿ ಜಪಾನಿನ ಅನಿಮೆ ಧಾರಾವಾಹಿಗಳ ಅಭಿಮಾನಿಗಳು ಎಂಬುದು ಗುಟ್ಟೇನಲ್ಲ. ಮನೆಯಲ್ಲಿ ಹಿರಿಯರು ಇದಕ್ಕೆ ಕೊಟ್ಟಿರುವ ಹೆಸರು ಒಂದೇ, "ಕಾರ್ಟೂನು". "ಕಾಲೇಜಿಗೆ ಹೋಗೋ ಹುಡುಗ, ಇನ್ನೂ ಕಾರ್ಟೂನು ನೋಡ್ತಾ ಕೂತಿದ್ದಾನಲ್ಲ!" ಎಂದು ಅಮ್ಮ ಅಂದರೆ ನಿಮಗೆ ಎಲ್ಲಿಲ್ಲದ ಸಿಟ್ಟು. ಗೆಳೆಯರ ಗುಂಪಿನಲ್ಲಾದರೋ ಪರಿಸ್ಥಿತಿ ತದ್ವಿರುದ್ಧ. ಅಲ್ಲಿ ಮೆಚ್ಚಿನ ಧಾರಾವಾಹಿಯಲ್ಲಿ ಒಂದು ಕುಂದು ತೋರಿಸಿದರೂ ಸಾಕು, ಮಾತು ಬಿಡುವಷ್ಟು ಜಗಳ! ಒಟ್ಟಿನಲ್ಲಿ ಬೈಯುವವರು ನೋಡಿರುವುದಿಲ್ಲ, ಹೊಗಳುವವರು ತೂಗಿರುವುದಿಲ್ಲ.

ನಾನೂ ಒಬ್ಬ ಅಭಿಮಾನಿಯೇ. ಆದ್ದರಿಂದಲೇ ಇವುಗಳ ಗುಣದೋಷಗಳನ್ನು ನಿಮ್ಮ ಮುಂದಿಡುವ ಧೈರ್ಯ ಮಾಡಿದ್ದೇನೆ. ನಾನು ಹೇಳಹೊರಟಿರುವುದು ಒಂದೇ ಮಾತು. ಅನಿಮೆಯ ಗುಣ ಮತ್ತು ದೋಷ ಬೇರೆಬೇರೆ ಕಡೆಯಿಂದ ಬಂದವಲ್ಲ, ಎರಡಕ್ಕೂ ಬೇರು ಒಂದೇ. ವಾರಕ್ಕೊಂದು ಕಂತು ತಯಾರಾಗಲೇಬೇಕು, ಕೈಯಲ್ಲಿ ಹಣ ಕಡಿಮೆ, ಸಮಯ ಇನ್ನೂ ಕಡಿಮೆ. ಇದೇ ಆ ಬೇರು. ಇದನ್ನು ಅರಿತರೆ ನಮ್ಮ ಮೆಚ್ಚುಗೆಗೂ ತೂಕ ಬರುತ್ತದೆ, ಟೀಕೆಗೂ ತೂಕ ಬರುತ್ತದೆ. (ಮುಂದೆ ಕೆಲವು ಕಥೆಗಳ ಗುಟ್ಟು ರಟ್ಟಾಗುತ್ತದೆ. ಇನ್ನೂ ನೋಡದವರು ಆಯಾ ಭಾಗವನ್ನು ಬಿಟ್ಟು ಓದಬಹುದು.)

ಬಡತನ ಕಲಿಸಿದ ಕಲೆ

ಅನಿಮೆ ನಿಮ್ಮ ತಲೆಮಾರಿನ ಹೊಸ ಹುಚ್ಚು ಎಂದು ತಿಳಿದಿರುವ ಹಿರಿಯರಿಗೆ ಮೊದಲು ಒಂದು ಸಂಗತಿ ತಿಳಿಸಿ. 1993ರಲ್ಲಿ ದೂರದರ್ಶನದಲ್ಲಿ ಬಂದ 'ಜಂಗಲ್ ಬುಕ್' ಧಾರಾವಾಹಿಯನ್ನು ಅವರಲ್ಲಿ ಎಷ್ಟೋ ಮಂದಿ ಬಾಯಿಬಿಟ್ಟು ನೋಡಿದ್ದಾರೆ. ಹಿಂದಿಯ ಶೀರ್ಷಿಕೆ ಗೀತೆ ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು, ಶೇರ್ ಖಾನ್ ಹುಲಿಗೆ ಧ್ವನಿ ನಾನಾ ಪಾಟೇಕರರದು. ಆದರೆ ಚಿತ್ರಗಳು? ಅವು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ಆರಂಭಿಸಿ 52 ಕಂತುಗಳಲ್ಲಿ ಮುಗಿಸಿದ ಅನಿಮೆ! ಅಂದಮೇಲೆ ಅಪ್ಪ ಅಮ್ಮನೂ ಅನಿಮೆ ನೋಡಿದವರೇ ಅಲ್ಲವೇ?

ಈ ಕಲೆಯ ಕಿರುತೆರೆಯ ಕಥೆ ಇನ್ನೂ ಹಿಂದಿನದು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ಜಪಾನಿನ ಟಿವಿಯಲ್ಲಿ ಆರಂಭವಾಯಿತು. ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬರೆಯಲು ತೆಜುಕಾ ಬಳಿ ಹಣವೂ ಇರಲಿಲ್ಲ, ವೇಳೆಯೂ ಇರಲಿಲ್ಲ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿಗೆ ಎಳೆದರು, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಎಂಟೇ ಚಿತ್ರ. ಮಾತಾಡುವಾಗ ಮುಖ ಸ್ಥಿರ, ತುಟಿ ಮಾತ್ರ ಅಲುಗುತ್ತದೆ. ಒಮ್ಮೆ ಬರೆದ ಓಟವನ್ನೇ ಮತ್ತೆ ಮತ್ತೆ ಬಳಸುವುದು. ಇವೆಲ್ಲ ಖರ್ಚು ಉಳಿಸುವ ಉಪಾಯಗಳು.

ಆದರೆ ಕೊರತೆಯೇ ಕ್ರಮೇಣ ಕಲೆಯಾಯಿತು. ನಮ್ಮ ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಅರ್ಥಧಾರಿ ಕುಳಿತಲ್ಲಿಂದಲೇ ಕುರುಕ್ಷೇತ್ರವನ್ನು ಕಣ್ಣಮುಂದೆ ತರುತ್ತಾನೆ. ಚಲನೆ ಕಡಿಮೆಯಾದಲ್ಲಿ ಮಾತು, ಮೌನ, ಮುಖಭಾವ ಇವುಗಳ ಹೊಣೆ ಹೆಚ್ಚುತ್ತದೆ. ಅನಿಮೆಯಲ್ಲಿಯೂ ಹಾಗೆಯೇ. 1995ರ 'ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್' ಧಾರಾವಾಹಿಯ 22ನೇ ಕಂತಿನಲ್ಲಿ ಒಬ್ಬರಿಗೊಬ್ಬರು ಆಗದ ಇಬ್ಬರು ಹುಡುಗಿಯರು ಲಿಫ್ಟಿನಲ್ಲಿ ನಿಂತಿರುತ್ತಾರೆ. ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ ಹೊತ್ತು ತೆರೆಯ ಮೇಲೆ ಏನೂ ಅಲುಗುವುದಿಲ್ಲ. ಲಿಫ್ಟಿನ ಸದ್ದು ಮಾತ್ರ. ಚಿತ್ರ ಬರೆಯುವ ಶ್ರಮ ಉಳಿಯಿತು, ನಿಜ. ಆದರೆ ಆ ಇಬ್ಬರ ನಡುವಿನ ಹಗೆಯನ್ನು ನೂರು ಚಿತ್ರ ಬರೆದೂ ಅಷ್ಟು ಚೆನ್ನಾಗಿ ಹೇಳಲು ಸಾಧ್ಯವಿರಲಿಲ್ಲ.

ಒಂದೇ ಕಥೆ, ಎರಡು ಪರಿ

ಅನಿಮೆಯ ಅತಿದೊಡ್ಡ ಗುಣ ಯಾವುದೆಂದು ಕೇಳಿದರೆ, ಸಾವಿಗೂ ದುಃಖಕ್ಕೂ ಹೆದರದೆ ಅವುಗಳಿಗೆ ವೇಳೆ ಕೊಡುವುದು ಎನ್ನುತ್ತೇನೆ. ಇದಕ್ಕೆ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಒಳ್ಳೆಯ ಉದಾಹರಣೆ. ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೋಗಿ ಅಣ್ಣ ಎಡ್ವರ್ಡ್ ಕೈಕಾಲು ಕಳೆದುಕೊಳ್ಳುತ್ತಾನೆ, ತಮ್ಮ ಆಲ್ಫೋನ್ಸ್ ಇಡೀ ದೇಹವನ್ನೇ ಕಳೆದುಕೊಂಡು ಲೋಹದ ಕವಚದೊಳಗೆ ಬರೀ ಆತ್ಮವಾಗಿ ಉಳಿಯುತ್ತಾನೆ. ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ತೆರಬೇಕು ಎಂಬುದು ಆ ಲೋಕದ ನಿಯಮ.

ಹಿರೋಮು ಅರಾಕಾವಾ ಎಂಬ ಲೇಖಕಿ ಬರೆದ ಈ ಚಿತ್ರಕಥೆ 2001ರಿಂದ 2010ರವರೆಗೆ ಮಾಸಿಕವೊಂದರಲ್ಲಿ ಬಂತು. ಅದು ಮುಗಿಯುವ ಮೊದಲೇ, 2003ರಲ್ಲಿ, ಬೋನ್ಸ್ ಸಂಸ್ಥೆ ಅನಿಮೆ ಆರಂಭಿಸಿತು. ಟಿವಿ ಮೂಲವನ್ನು ದಾಟಿ ಓಡಿತು. ಹೀಗಾಗಿ 51 ಕಂತುಗಳ ಆ ಅನಿಮೆ ತನ್ನದೇ ಬೇರೆ ಮುಕ್ತಾಯ ಕಂಡುಕೊಂಡಿತು. ಮತ್ತೆ 2009ರಲ್ಲಿ ಅದೇ ಸಂಸ್ಥೆ ಮೂಲಕ್ಕೆ ನಿಷ್ಠವಾಗಿ 64 ಕಂತುಗಳಲ್ಲಿ 'ಬ್ರದರ್‌ಹುಡ್' ತಯಾರಿಸಿತು. ಗುಣದೋಷ ತೂಗಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ನೀನಾ ಎಂಬ ಪುಟ್ಟ ಹುಡುಗಿಯನ್ನು ಅವಳ ತಂದೆಯೇ ಹುದ್ದೆ ಉಳಿಸಿಕೊಳ್ಳಲು ನಾಯಿಯೊಂದಿಗೆ ಬೆಸೆದು ವಿಚಿತ್ರ ಪ್ರಾಣಿಯನ್ನಾಗಿ ಮಾಡುವ ಪ್ರಸಂಗವನ್ನು ಮರೆತವರುಂಟೇ? ಹಳೆಯದರಲ್ಲಿ ಅದು ಬರುವುದು 7ನೇ ಕಂತಿನಲ್ಲಿ, ಹೊಸದರಲ್ಲಿ 4ನೇ ಕಂತಿನಲ್ಲಿಯೇ. ಅಧಿಕಾರಿ ಹ್ಯೂಸ್ ಸಾಯುವುದು ಹಳೆಯದರಲ್ಲಿ 25ನೇ ಕಂತಿನಲ್ಲಿ, ಹೊಸದರಲ್ಲಿ 10ನೇ ಕಂತಿನಲ್ಲಿ. ಹಳೆಯದರಲ್ಲಿ ಹ್ಯೂಸ್ ನಮ್ಮ ಮನೆಯವನೇ ಆಗಿಬಿಟ್ಟಿರುತ್ತಾನೆ, ಮಗಳ ಫೋಟೋ ಹಿಡಿದು ಎಲ್ಲರ ತಲೆ ತಿಂದಿರುತ್ತಾನೆ. ಆಮೇಲೆ ಆ ಸಾವು. ಹೊಸದರಲ್ಲಿ ಪರಿಚಯ ಬೆಳೆಯುವಷ್ಟರಲ್ಲಿ ಆತ ಇಲ್ಲ. "ಬ್ರದರ್‌ಹುಡ್ಡೇ ಶ್ರೇಷ್ಠ, ಹಳೆಯದು ಬೇಕಿಲ್ಲ" ಎನ್ನುವವರು ಈ ಆರಂಭದ ಅವಸರವನ್ನು ಗಮನಿಸಬೇಕು. ಆದರೆ ಕೊನೆಗೆ ಬಂದರೆ ಲೆಕ್ಕ ತಿರುಗುತ್ತದೆ. ಹಳೆಯದು ಬೇರೊಂದು ಲೋಕದ ಬಾಗಿಲು ತೆರೆದು ಗೊಂದಲ ಮಾಡಿಕೊಳ್ಳುತ್ತದೆ. ಹೊಸದು ಬಿತ್ತಿದ್ದನ್ನೆಲ್ಲ ಕೊಯ್ದು ಕಣಜ ತುಂಬುತ್ತದೆ. ತನ್ನ ಕೊನೆ ಏನೆಂದು ಕಥೆಗೆ ಗೊತ್ತಿತ್ತು, ಅದೇ ಅದರ ಬಲ.

ಎಳೆದರೆ ಏನಾಗುತ್ತದೆ?

ನಿಮ್ಮಜ್ಜಿ ನೋಡುವ ಟಿವಿ ಧಾರಾವಾಹಿಯಲ್ಲಿ ಒಂದು ಕೆನ್ನೆಯ ಪೆಟ್ಟನ್ನು ಮೂರು ದಿಕ್ಕಿನಿಂದ ತೋರಿಸಿದರೆ ನೀವು ನಗುತ್ತೀರಿ. 'ಡ್ರಾಗನ್ ಬಾಲ್ ಝಡ್'ನಲ್ಲಿ ಗ್ರಹವೊಂದು ಐದು ನಿಮಿಷದಲ್ಲಿ ಸಿಡಿಯುತ್ತದೆ ಎಂದು ಹೇಳಿ ಕಂತಿನ ಮೇಲೆ ಕಂತು ಕಾದಾಟ ನಡೆಸಿದಾಗ ಮಾತ್ರ ಉಸಿರು ಬಿಗಿಹಿಡಿದು ನೋಡುತ್ತೀರಿ! ಕಾರಣ ಎರಡಕ್ಕೂ ಒಂದೇ. ಕಥೆ ಮುಗಿದಿಲ್ಲ, ವಾರ ಬಂತು, ಕಂತು ಬೇಕು.

'ನರುಟೊ' ನೋಡಿ. 2002ರಿಂದ 2007ರವರೆಗೆ ಬಂದ 220 ಕಂತುಗಳಲ್ಲಿ 136ರಿಂದ ಕೊನೆಯವರೆಗಿನ ಬಹುಪಾಲು ಮೂಲದಲ್ಲಿಲ್ಲದ ತುಂಬುಕಥೆ. ಇಡ್ಲಿ ಹಿಟ್ಟಿಗೆ ನೀರು ಬೆರೆಸಿದ ಹಾಗೆ. ಆದರೂ ಇದು ಸಣ್ಣ ದೋಷ, ಆ ಕಂತುಗಳನ್ನು ಬಿಟ್ಟು ನೋಡಿದರಾಯಿತು. ನನ್ನ ಮಟ್ಟಿಗೆ ದೊಡ್ಡ ದೋಷ ಬೇರೆಯಿದೆ. ಊರೆಲ್ಲ ದೂರವಿಟ್ಟ ತಬ್ಬಲಿ ಹುಡುಗ ತನ್ನ ಪ್ರಯತ್ನದಿಂದ ಮೇಲೆ ಬರುತ್ತಾನೆ ಎಂಬುದೇ ಆ ಕಥೆಯ ಜೀವ. ಹುಟ್ಟಿನಿಂದಲೇ ಹಣೆಬರಹ ನಿಶ್ಚಯ ಎನ್ನುವ ನೇಜಿಯನ್ನು ನರುಟೊ ಸೋಲಿಸಿದಾಗ ನಾವು ಚಪ್ಪಾಳೆ ತಟ್ಟಿದ್ದು ಅದಕ್ಕಾಗಿಯೇ. ಮುಂದೆ ಏನಾಯಿತು? ಆತ ಊರ ನಾಯಕನ ಮಗ, ಪುರಾತನ ಮಹಾಪುರುಷನ ಕುಮಾರನ ಮರುಜನ್ಮ, ಭವಿಷ್ಯವಾಣಿಯಲ್ಲಿ ಹೇಳಿದ ವೀರ ಎಂದೆಲ್ಲ ಹೊರಬಂತು. ಹಾಗಾದರೆ ನೇಜಿ ಹೇಳಿದ್ದೇ ಸರಿಯಾಯಿತಲ್ಲ! ಕರ್ಣನ ಬಗ್ಗೆ ಪಂಪನಿಗಿದ್ದ ಅಭಿಮಾನವನ್ನು ನಾವು ಇಂದಿಗೂ ಕೊಂಡಾಡುತ್ತೇವೆ. ಹುಟ್ಟಲ್ಲ, ನಡೆ ಮುಖ್ಯ ಎಂಬ ಮಾತಿಗೆ ಮರುಳಾಗುವವರು ನಾವು. ಆ ಮಾತು ಕೊಟ್ಟು ನಡುವೆ ಕೈಬಿಟ್ಟ ಕಥೆಯನ್ನು ಪ್ರಶ್ನಿಸುವ ಹಕ್ಕು ಅಭಿಮಾನಿಗಲ್ಲದೆ ಇನ್ಯಾರಿಗಿದೆ?

'ಡೆತ್ ನೋಟ್' (2006-07) ಇನ್ನೊಂದು ಬಗೆ. ಹೆಸರು ಬರೆದರೆ ಸಾವು ತರುವ ಪುಸ್ತಕ ಸಿಕ್ಕ ಜಾಣ ವಿದ್ಯಾರ್ಥಿ ಲೈಟ್, ಅವನ ಬೆನ್ನುಹತ್ತಿದ ಪತ್ತೇದಾರ ಎಲ್. ಚದುರಂಗದಂಥ ಆಟ. ಒಟ್ಟು 37 ಕಂತುಗಳಲ್ಲಿ 25ನೆಯದರಲ್ಲಿ ಎಲ್ ಸಾಯುತ್ತಾನೆ. ಅಲ್ಲಿಗೆ ಆಟದ ರುಚಿಯೂ ಹೋಯಿತು. ಎದುರಾಳಿಯಾಗಿ ಬರುವ ಹೊಸಬರು ಎಲ್‌ನ ನೆರಳುಗಳಷ್ಟೇ. ಆದರೂ ಕೊನೆಯ ಕಂತಿನಲ್ಲಿ ದೇವರಾಗಹೊರಟವನು ರಕ್ತ ಸುರಿಸುತ್ತ ಓಡುವ ದೃಶ್ಯ ಇಡೀ ಧಾರಾವಾಹಿಯ ನೀತಿಯನ್ನು ಒಂದೇ ಮಾತಿಲ್ಲದೆ ಹೇಳಿಬಿಡುತ್ತದೆ.

ಇವ್ಯಾಂಜೆಲಿಯನ್ನಿನ ಕೊನೆಯ ಎರಡು ಕಂತುಗಳ ಜಗಳ ಇಂದಿಗೂ ಮುಗಿದಿಲ್ಲ. ವೇಳೆ ಸಾಲದೆ ಹೋಯಿತು. ಯುದ್ಧದ ಕಥೆ ಬಿಟ್ಟು ನಾಯಕ ಶಿಂಜಿಯ ಮನಸ್ಸಿನೊಳಗೆ ಹೊಕ್ಕು, ಸ್ಥಿರಚಿತ್ರ, ಅಕ್ಷರ, ಕಚ್ಚಾ ಗೆರೆಗಳಲ್ಲೇ ಮುಗಿಸಿದರು. ಪ್ರೇಕ್ಷಕರು ಸಿಟ್ಟಾದರು. 1997ರಲ್ಲಿ ನಿರ್ದೇಶಕ ಹಿದೆಯಾಕಿ ಅನ್ನೊ ಚಲನಚಿತ್ರವೊಂದರಲ್ಲಿ ಇನ್ನೊಂದು ಮುಕ್ತಾಯ ಕೊಟ್ಟರು. ಕಥೆಯಾಗಿ ಆ ಎರಡು ಕಂತು ಅರ್ಧಂಬರ್ಧ ಎಂಬುದನ್ನು ಒಪ್ಪುತ್ತೇನೆ. ಆದರೆ ತನ್ನನ್ನು ತಾನೇ ದ್ವೇಷಿಸುವ ಹುಡುಗನೊಬ್ಬ "ನಾನು ಇಲ್ಲಿ ಇರಬಹುದು" ಎಂಬ ನಿಲುವಿಗೆ ಬರುವುದನ್ನು ಅಷ್ಟು ಬಿಚ್ಚುಮನಸ್ಸಿನಿಂದ ತೋರಿಸಿದ ಕಿರುತೆರೆ ಧಾರಾವಾಹಿಗಳು ವಿರಳ.

ಎಳೆಯದೆಯೂ ಧಾರಾವಾಹಿ ಮಾಡಬಹುದೇ? ಮಾಡಬಹುದು. 2005ರ 'ಮುಶಿಶಿ' ನೋಡಿ. ಗಿಂಕೊ ಎಂಬ ಅಲೆಮಾರಿ ವೈದ್ಯ ಊರಿಂದೂರಿಗೆ ಹೋಗಿ, ಕಣ್ಣಿಗೆ ಕಾಣದ ಜೀವಿಗಳಿಂದ ತೊಂದರೆಗೊಳಗಾದವರನ್ನು ಉಪಚರಿಸುತ್ತಾನೆ. 26 ಕಂತು, 26 ಬಿಡಿಕಥೆ. ವೈರಿಯಿಲ್ಲ, ಯುದ್ಧವಿಲ್ಲ. ಅಜ್ಜಿ ಹೇಳಿದ ಕಥೆಯ ನೆಮ್ಮದಿ. ಕುಂದೆಂದರೆ ಗಿಂಕೊ ಮೊದಲಿಂದ ಕೊನೆಯವರೆಗೂ ಹೆಚ್ಚು ಬದಲಾಗುವುದಿಲ್ಲ, ಒಂದೇ ಬೈಠಕ್ಕಿನಲ್ಲಿ ಹತ್ತು ಕಂತು ನೋಡಿದರೆ ಕಣ್ಣು ಎಳೆಯುತ್ತದೆ. ದಿನಕ್ಕೊಂದು ನೋಡಿ.

ಕಣ್ಣುಮುಚ್ಚಿಕೊಳ್ಳಬಾರದ ಎರಡು ಮಾತು

ಮೊದಲನೆಯದು ಹೆಣ್ಣುಪಾತ್ರಗಳ ಮಾತು. ನರುಟೊದ ಸಕುರಾಳಿಗೆ ಬುದ್ಧಿಯೂ ಬಲವೂ ಇದ್ದರೂ ಕಥೆ ಅವಳನ್ನು ಬಹುಕಾಲ ಒಬ್ಬ ಹುಡುಗನಿಗಾಗಿ ಅಳಿಸುತ್ತದೆ. ಡೆತ್ ನೋಟಿನ ಮೀಸಾ ಬರೀ ಕೈಗೊಂಬೆ. ಇನ್ನೆಷ್ಟೋ ಧಾರಾವಾಹಿಗಳಲ್ಲಿ ಕಥೆಗೆ ಬೇಡದಿದ್ದರೂ ಶಾಲೆಯ ಹುಡುಗಿಯರ ಮೈಮೇಲೆ ಕ್ಯಾಮೆರಾ ಸುಳಿಯುತ್ತದೆ. "ಅದೆಲ್ಲ ಅಲ್ಲಿನ ರೂಢಿ" ಎಂದು ತಳ್ಳಿಹಾಕಬೇಡಿ. ಅದೇ ಜಪಾನಿನ ಅರಾಕಾವಾ ಅವರ ಹಾಕ್‌ಐ, ಇಝುಮಿ, ಸೇನಾಧಿಕಾರಿ ಒಲಿವಿಯರ್ ಇವರನ್ನು ನೋಡಿ. ಒಬ್ಬೊಬ್ಬರಿಗೂ ಸ್ವಂತ ಕೆಲಸ, ಸ್ವಂತ ನಿಲುವು. ತಂಗಿಯ ಪಕ್ಕದಲ್ಲಿ ಕೂತು ನೋಡಲು ಮುಜುಗರವಾದರೆ, ದೋಷ ತಂಗಿಯದಲ್ಲ.

ಎರಡನೆಯದು ಚಿತ್ರ ಬರೆಯುವ ಕೈಗಳ ಮಾತು. ಜಪಾನಿನ ಅನಿಮೆ ಉದ್ಯಮದಲ್ಲಿ ಅನೇಕ ಕಲಾವಿದರಿಗೆ ತಿಂಗಳ ಸಂಬಳವಿಲ್ಲ, ಬರೆದಷ್ಟು ಚಿತ್ರಕ್ಕೆ ಇಷ್ಟು ಎಂಬ ಲೆಕ್ಕ. ಹೊಸಬರ ಗಳಿಕೆ ತೀರಾ ಕಡಿಮೆ, ದುಡಿಮೆ ರಾತ್ರಿಹಗಲು. 2024ರಲ್ಲಿ ವಿಶ್ವಸಂಸ್ಥೆಯ ಮಾನವಹಕ್ಕು ತಜ್ಞರ ವರದಿಯೂ ಇದನ್ನು ಎತ್ತಿ ತೋರಿಸಿತು. ಕಂತು ಒಂದು ವಾರ ತಡವಾದರೆ ಬೈದು ಬರೆಯುವ ಮೊದಲು ಇದನ್ನು ನೆನೆಯಿರಿ. ಅನಿಮೆ ತಯಾರಿಕೆಯ ಬವಣೆಯನ್ನೇ ಕಥೆಯಾಗಿಸಿದ 'ಶಿರೊಬಾಕೊ' (2014-15) ಎಂಬ 24 ಕಂತುಗಳ ಅನಿಮೆ ಇದೆ, ಪ್ರತಿ ಅಭಿಮಾನಿಯೂ ನೋಡಬೇಕಾದದ್ದು.

ನಿಮ್ಮ ಸರದಿ

ಮಿತ್ರರೇ, ಒಂದು ಧಾರಾವಾಹಿ ಮುಗಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಆರಂಭದಲ್ಲಿ ಕೊಟ್ಟ ಮಾತನ್ನು ಇದು ಕೊನೆಯವರೆಗೆ ಉಳಿಸಿಕೊಂಡಿತೇ? ಕೊರತೆಯನ್ನು ಕಲೆಯಾಗಿಸಿತೇ ಅಥವಾ ಮುಚ್ಚಿಹಾಕಿತೇ? ಎಲ್ಲ ಪಾತ್ರಗಳನ್ನೂ ಮನುಷ್ಯರಂತೆ ಕಂಡಿತೇ? ಉತ್ತರ ಹೇಗೇ ಇರಲಿ, ಅಭಿಮಾನ ಕಡಿಮೆಯಾಗಬೇಕಿಲ್ಲ. ಕುಂದು ತಿಳಿದೂ ಮೆಚ್ಚುವುದೇ ಗಟ್ಟಿ ಮೆಚ್ಚುಗೆ.

ಮತ್ತೊಂದು ಕೋರಿಕೆ. ಈ ಚರ್ಚೆಯನ್ನೆಲ್ಲ ನೀವು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನಡೆಸುತ್ತೀರಿ. ಒಮ್ಮೆ ಮನೆಯಲ್ಲಿ, ಬರುವಷ್ಟು ಕನ್ನಡದಲ್ಲಿ, ನೀನಾಳ ಕಥೆಯನ್ನು ಅಮ್ಮನಿಗೆ ಹೇಳಿ ನೋಡಿ. ಶಬ್ದ ಸಿಗದ ಕಡೆ ಅವರನ್ನೇ ಕೇಳಿ. ಕನ್ನಡ ಹಳೆಯ ಸಂಗತಿಗಳಿಗೆ ಮಾತ್ರ ಸಲ್ಲುವ ಭಾಷೆ ಎಂಬ ಭ್ರಮೆ ನಿಮ್ಮಿಂದಲೇ ಹರಿಯಲಿ. ಕಥೆ ಕೇಳಿದ ಮೇಲೆ ಅಮ್ಮ ಅದನ್ನು "ಕಾರ್ಟೂನು" ಎನ್ನುತ್ತಾರೋ ಇಲ್ಲವೋ, ನೀವೇ ನೋಡಿ!