ಪರದೇಶದ ಸಂಬಳ, ಸ್ವದೇಶದ ಕರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ತರುಣರು ವಿದ್ಯೆ ಮುಗಿದೊಡನೆ ಪುಣೆಗೋ ಬೆಂಗಳೂರಿಗೋ, ಅಲ್ಲಿಂದ ಮುಂದೆ ಪರದೇಶಕ್ಕೋ ಹೊರಟುಹೋಗುವುದು ಬಹುದಿನಗಳಿಂದ ನಡೆದುಬಂದ ವಾಡಿಕೆಯಾಗಿದೆ. 2020ನೆಯ ಇಸವಿಯ ಮಹಾಮಾರಿಯು ಈ ಪ್ರವಾಹವನ್ನು ಕೆಲಕಾಲ ಹಿಂದಕ್ಕೆ ತಿರುಗಿಸಿತು. ಊರಿಗೆ ಮರಳಿದವರು ಮನೆಯ ಪಡಸಾಲೆಯಲ್ಲಿಯೇ ಕಂಪ್ಯೂಟರ್ ಇಟ್ಟುಕೊಂಡು ದೂರದ ಕಚೇರಿಯ ಕೆಲಸವನ್ನು ಮುಂದುವರಿಸಿದರು. ದೂರದಿಂದಲೂ ಕೆಲಸ ಸಾಗುತ್ತದೆಂಬುದನ್ನು ಮಾಲಕರೂ ಕಂಡುಕೊಂಡರು. ಅಮೇರಿಕೆಯ, ಇಂಗ್ಲಂಡಿನ, ದುಬಾಯಿಯ ಧಣಿಗಳ ಕೆಲಸವನ್ನು ಹುಟ್ಟಿದೂರಿನಲ್ಲಿಯೇ ಕುಳಿತು ಮಾಡುವ ಹೊಸ ಜೀವನೋಪಾಯವೊಂದು ಹೀಗೆ ಬೇರೂರಿತು. ಮಕ್ಕಳು ತಂದೆತಾಯಿಗಳ ಕಣ್ಣೆದುರಿಗಿದ್ದು, ಪರದೇಶದ ಹಣವು ನಮ್ಮ ಪೇಟೆಗಳಲ್ಲಿ ಖರ್ಚಾಗುವುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಸಂತೋಷದ ಬೆನ್ನಿಗೆ ಕೆಲವು ತಪ್ಪು ತಿಳಿವಳಿಕೆಗಳೂ ಬೆಳೆದಿರುವುದರಿಂದ, ಅವುಗಳನ್ನು ನಿವಾರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಜನರ ಬಾಯಿಯಲ್ಲಿರುವ ಮಾತುಗಳು ಮುಖ್ಯವಾಗಿ ಮೂರು. ಹೊರದೇಶದ ಮಾಲಕನು ಕೊಡುವ ಹಣಕ್ಕೆ ಇಲ್ಲಿ ಕರವಿಲ್ಲವೆಂಬುದು ಮೊದಲನೆಯದು. ಅಲ್ಲಿ ಕರ ಮುರಿದುಕೊಂಡರೆ ಇಲ್ಲಿಯ ಬಾಧ್ಯತೆ ತೀರಿತೆಂಬುದು ಎರಡನೆಯದು. ಹಣವನ್ನು ಪರದೇಶದ ಬ್ಯಾಂಕಿನಲ್ಲಿಯೇ ಬಿಟ್ಟರೆ ಸರಕಾರಕ್ಕೆ ಅದರ ಗೊಡವೆಯಿಲ್ಲವೆಂಬುದು ಮೂರನೆಯದು. ಈ ಮೂರೂ ಕಾಯಿದೆಗೆ ವಿರುದ್ಧವಾದುವು. ಇವುಗಳನ್ನು ನಂಬಿದವರು ಇಂದಲ್ಲ ನಾಳೆ ಅಸಲು, ಬಡ್ಡಿ, ದಂಡ ಮೂರನ್ನೂ ಒಟ್ಟಿಗೆ ತೆರಬೇಕಾದೀತು.

ಮೊದಲನೆಯ ಮಾತಿಗೆ ಬನಹಟ್ಟಿಯ ಮಗ್ಗವೇ ಸಾಕಾದಷ್ಟು ಉತ್ತರ ಕೊಡುತ್ತದೆ. ನೇಕಾರನು ಸಾಹುಕಾರನಿಂದ ನೂಲು ತಂದು ತನ್ನ ಮನೆಯಲ್ಲಿ ಸೀರೆ ನೇಯುತ್ತಾನೆ. ಆ ಸೀರೆಯು ಎಲ್ಲಿಯ ಪೇಟೆಯಲ್ಲಿ ಮಾರಾಟವಾದರೂ, ಕೂಲಿಯು ಯಾವ ಊರಿನಿಂದ ಬಂದರೂ, ದುಡಿಮೆ ನಡೆದದ್ದು ಮಾತ್ರ ಬನಹಟ್ಟಿಯಲ್ಲಿ. ಆದಾಯ ಕರದ ಕಾಯಿದೆಯೂ ಇದನ್ನೇ ಹೇಳುತ್ತದೆ. ಭಾರತದಲ್ಲಿ ಸಲ್ಲಿಸಿದ ಸೇವೆಗೆ ದೊರೆತ ಸಂಬಳವು ಭಾರತದಲ್ಲಿಯೇ ಗಳಿಸಿದ ಆದಾಯವೆಂದು ಎಣಿಸಲ್ಪಡುತ್ತದೆ. ಅದನ್ನು ಕೊಟ್ಟವನು ನ್ಯೂಯಾರ್ಕಿನಲ್ಲಿದ್ದರೂ, ಹಣವು ಲಂಡನಿನ ಬ್ಯಾಂಕಿಗೆ ಸಂದಾಯವಾದರೂ ಈ ಎಣಿಕೆ ಬದಲಾಗದು. 1961ರ ಕಾಯಿದೆಯ ಈ ತತ್ತ್ವವನ್ನು, 2026ರ ಎಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಬಂದ 2025ರ ಆದಾಯ ಕರ ಕಾಯಿದೆಯೂ ಕೈಬಿಟ್ಟಿಲ್ಲ. ಕಲಮುಗಳ ಸಂಖ್ಯೆಗಳು ಬದಲಾಗಿವೆ, ಬಾಧ್ಯತೆ ಬದಲಾಗಿಲ್ಲ.

ಇದರ ಜೊತೆಗೆ ವಾಸದ ಪ್ರಶ್ನೆಯೊಂದುಂಟು. ಒಂದು ವರ್ಷದಲ್ಲಿ 182 ದಿನಗಳು ಅಥವಾ ಅದಕ್ಕೂ ಹೆಚ್ಚು ಕಾಲ ಭಾರತದಲ್ಲಿದ್ದವನು ಆ ವರ್ಷದ ಮಟ್ಟಿಗೆ ಇಲ್ಲಿಯ ವಾಸಿ. ಆ ವರ್ಷ 60 ದಿನಗಳೂ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನಗಳೂ ಇಲ್ಲಿದ್ದವನೂ ವಾಸಿಯೇ. ಹೊರದೇಶದಲ್ಲಿ ನೆಲೆಸಿದ ಭಾರತದ ಪ್ರಜೆಯು ಭೇಟಿಗೆಂದು ಬಂದಾಗ ಈ 60 ದಿನಗಳ ಬದಲು 182 ದಿನಗಳ ಲೆಕ್ಕವಿದೆ. ಆದರೆ ಅವನ ಭಾರತದ ಆದಾಯವು 15 ಲಕ್ಷ ರೂಪಾಯಿ ಮೀರಿದರೆ 2020ರ ತಿದ್ದುಪಡಿಯಂತೆ 120 ದಿನಗಳೇ ಸಾಕು. ಸಾಮಾನ್ಯ ವಾಸಿಯಾದವನಿಗೆ ಜಗತ್ತಿನಲ್ಲಿ ಎಲ್ಲಿ ಹುಟ್ಟಿದ ಆದಾಯಕ್ಕೂ ಇಲ್ಲಿ ಕರವುಂಟು.

ಅನೇಕ ವರ್ಷ ಹೊರಗಿದ್ದು ಮರಳಿದವರಿಗೆ ಕಾಯಿದೆಯು ಕೆಲವು ವರ್ಷಗಳ ರಿಯಾಯಿತಿಯನ್ನು ಕೊಡುತ್ತದೆ. ಆ ಅವಧಿಯಲ್ಲಿ ಅವರ ಹೊರದೇಶದ ಬಡ್ಡಿ, ಬಾಡಿಗೆ ಮುಂತಾದುವುಗಳಿಗೆ ಇಲ್ಲಿ ಕರವಿಲ್ಲ. ಮರಳಿ ಬಂದ ತರುಣರು ಎಡವುವುದು ಇಲ್ಲಿಯೇ. ಪರದೇಶದ ಸಂಬಳವೂ ಈ ರಿಯಾಯಿತಿಯಲ್ಲಿ ಸೇರಿತೆಂದು ಅವರು ಭಾವಿಸುತ್ತಾರೆ. ಮುಧೋಳದಲ್ಲಿ ಕುಳಿತು ಮಾಡಿದ ಕೆಲಸದ ಸಂಬಳವು ಹೊರದೇಶದ ಆದಾಯವೇ ಅಲ್ಲವಾದ್ದರಿಂದ ಅದಕ್ಕೆ ಈ ರಿಯಾಯಿತಿಯು ತಗಲುವುದಿಲ್ಲ. ಮಹಾಮಾರಿಯ ಕಾಲದಲ್ಲಿಯೂ ಸರಕಾರವು ದಿನಗಳ ಲೆಕ್ಕವನ್ನು ಪೂರ್ತಿಯಾಗಿ ಸಡಿಲಿಸಲಿಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರದ ಪ್ರತ್ಯಕ್ಷ ಕರ ಮಂಡಳಿಯು 2019-20ನೆಯ ಸಾಲಿಗಾಗಿ, ಸಂಚಾರ ನಿಂತು ಇಲ್ಲಿ ಸಿಕ್ಕಿಬಿದ್ದವರ ದಿನಗಳನ್ನು ಬಿಟ್ಟು ಎಣಿಸಿತು. 2021ರ ಮಾರ್ಚ್ ತಿಂಗಳ ಸುತ್ತೋಲೆಯಲ್ಲಿ 2020-21ನೆಯ ಸಾಲಿಗೆ ಅಂಥ ಸಾರ್ವತ್ರಿಕ ರಿಯಾಯಿತಿಯನ್ನು ಕೊಡದೆ, ಎರಡೂ ಕಡೆ ಕರ ಬಿದ್ದವರು ಪ್ರತ್ಯೇಕವಾಗಿ ಬರೆದುಕೊಳ್ಳಬೇಕೆಂದು ತಿಳಿಸಿತು.

ಎರಡನೆಯ ಮಾತು ಎರಡು ಸರಕಾರಗಳ ನಡುವಿನದು. ಒಂದೇ ಆದಾಯದ ಮೇಲೆ ಎರಡು ಕರ ಬೀಳಬಾರದೆಂದು ಭಾರತವು ಅನೇಕ ದೇಶಗಳೊಡನೆ ಒಪ್ಪಂದ ಮಾಡಿಕೊಂಡಿದೆ. ಅಮೇರಿಕೆಯೊಡನೆ 1989ರಲ್ಲಿ ಆದ ಒಪ್ಪಂದದಂತೆ, ನೌಕರಿಯ ಕೆಲಸವು ನಡೆಯದ ದೇಶಕ್ಕೆ, ನೌಕರನು ಅಲ್ಲಿಯ ವಾಸಿಯೂ ಅಲ್ಲದಿದ್ದರೆ, ಆ ಸಂಬಳದ ಮೇಲೆ ಹಕ್ಕಿಲ್ಲ. ಅಲ್ಲಿಯ ಪ್ರಜೆಯಲ್ಲದ, ಅಲ್ಲಿಯ ವಾಸಿಯೂ ಅಲ್ಲದ ರಬಕವಿಯ ತರುಣನು ರಬಕವಿಯಲ್ಲಿಯೇ ಮಾಡಿದ ಕೆಲಸಕ್ಕೆ ಅಮೇರಿಕೆಯ ಕರ ಬೀಳಕೂಡದು. ಅವನು ಅಲ್ಲಿಯ ನಿಗದಿತ ನಮೂನೆಯಲ್ಲಿ ತನ್ನ ಸ್ಥಿತಿಯನ್ನು ಬರೆದು ಮಾಲಕನಿಗೆ ಕೊಟ್ಟಿರಬೇಕು. ಹಾಗೆ ಮಾಡದೆ ಅಲ್ಲಿ ಕರ ಮುರಿಯಗೊಟ್ಟರೆ, ಅದನ್ನು ಇಲ್ಲಿಯ ಕರದಲ್ಲಿ ವಜಾ ಮಾಡಿಕೊಡುವರೆಂಬ ಭರವಸೆಯಿಲ್ಲ. ಹಕ್ಕಿಲ್ಲದೆ ಮುರಿದುಕೊಂಡ ಹಣವನ್ನು ಮುರಿದುಕೊಂಡ ಸರಕಾರದಿಂದಲೇ ಮರಳಿ ಕೇಳಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ, ಅಮೇರಿಕೆಯಲ್ಲಿ ನೆಲೆಸಿದವನು ಎರಡು ತಿಂಗಳ ಮಟ್ಟಿಗೆ ಬೀಳಗಿಗೆ ಬಂದು ಇಲ್ಲಿಂದಲೇ ಕೆಲಸ ಮಾಡಿದರೆ ಅದೇ ಒಪ್ಪಂದವು ಅವನಿಗೆ ರಕ್ಷಣೆ ಕೊಡುತ್ತದೆ: ಇಲ್ಲಿಯ ಇರುವಿಕೆ 183 ದಿನಗಳೊಳಗಿದ್ದು, ಮಾಲಕನು ಭಾರತದವನಲ್ಲದೆ, ಸಂಬಳದ ಭಾರವು ಆ ಮಾಲಕನ ಇಲ್ಲಿಯ ಯಾವ ಶಾಖೆಯ ಮೇಲೂ ಬೀಳದಿದ್ದರೆ ಇಲ್ಲಿ ಕರವಿಲ್ಲ. ಭೇಟಿಗೆ ಬಂದವನ ನಿಯಮವನ್ನು ನೆಲೆಸಿದವನು ತನಗೆ ಅನ್ವಯಿಸಿಕೊಳ್ಳಲಾಗದು.

ಮೂರನೆಯ ಮಾತಿನ ಬೇರುಗಳು ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇವೆ. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ಬನಹಟ್ಟಿಯು ಜಮಖಂಡಿಗೆ ಸೇರಿದ್ದರೆ ಪಕ್ಕದ ರಬಕವಿಯು ಸಾಂಗಲಿ ಸಂಸ್ಥಾನದಲ್ಲಿತ್ತು. ಬೀಳಗಿಯಾದರೋ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದೇ ನಗರಸಭೆಯ ಕೆಳಗಿರುವ ಎರಡು ಊರುಗಳು ಅಂದು ಇಬ್ಬರು ರಾಜರ ಪ್ರಜೆಗಳ ಊರುಗಳು! 1922ರ ಆದಾಯ ಕರ ಕಾಯಿದೆಯು ಬ್ರಿಟಿಷ್ ಹಿಂದುಸ್ಥಾನಕ್ಕೆ ಮಾತ್ರ ಅನ್ವಯಿಸುತ್ತಿತ್ತು. ದಿನಗಳನ್ನೆಣಿಸಿ ವಾಸವನ್ನು ನಿರ್ಣಯಿಸುವ ಕ್ರಮವು ಅದರೊಳಗೆ 1939ರ ತಿದ್ದುಪಡಿಯಿಂದ ಬಂದಿತು. ಸಂಸ್ಥಾನದಲ್ಲಿ ಹುಟ್ಟಿದ ಆದಾಯವನ್ನು ಬ್ರಿಟಿಷ್ ಪ್ರದೇಶದೊಳಕ್ಕೆ ತಂದಾಗಲೇ ಕರವೆಂಬ ನಿಯಮವೂ ಒಂದು ಕಾಲಕ್ಕಿತ್ತು. ಹಣವು ಗಡಿ ದಾಟದಿದ್ದರೆ ಕರವಿಲ್ಲವೆಂಬ ನಂಬಿಕೆಗೆ ಅಂದು ಆಧಾರವಿತ್ತೆಂಬುದು ನಿಜ. 1948ರಲ್ಲಿ ಸಂಸ್ಥಾನಗಳು ವಿಲೀನವಾದುವು. ಆ ಗಡಿಗಳು ಅಳಿದುವು. ಆ ನಿಯಮವೂ ಹೋಯಿತು. ಇಂದು ವಾಸಿಯ ಆದಾಯಕ್ಕೆ, ಹಣವನ್ನು ತಂದರೂ ತರದಿದ್ದರೂ, ಕರವಿದೆ. ಮೇಲಾಗಿ ಸಾಮಾನ್ಯ ವಾಸಿಯು ತನ್ನ ಹೊರದೇಶದ ಬ್ಯಾಂಕಿನ ಖಾತೆಯನ್ನೂ, ಮಾಲಕನು ಬಹುಮಾನವಾಗಿ ಕೊಟ್ಟ ಕಂಪನಿಯ ಷೇರುಗಳನ್ನೂ ವಾರ್ಷಿಕ ವಿವರಪತ್ರದಲ್ಲಿ ಕಾಣಿಸಬೇಕು. ಮುಚ್ಚಿಟ್ಟವರಿಗೆ 2015ರ ಕಪ್ಪುಹಣದ ಕಾಯಿದೆಯಲ್ಲಿ 10 ಲಕ್ಷ ರೂಪಾಯಿಗಳ ದಂಡವಿದೆ. ಸ್ಥಿರಾಸ್ತಿಯನ್ನು ಬಿಟ್ಟು ಉಳಿದ ಆಸ್ತಿಯು ಒಟ್ಟು 20 ಲಕ್ಷ ಮೀರದವರಿಗೆ 2024ರಲ್ಲಿ ಈ ದಂಡದಿಂದ ವಿನಾಯಿತಿ ದೊರೆಯಿತಾದರೂ, ವಿವರಪತ್ರದಲ್ಲಿ ಕಾಣಿಸುವ ಕರ್ತವ್ಯವು ತಪ್ಪಲಿಲ್ಲ.

ಇನ್ನು ಕರವನ್ನು ಕಟ್ಟುವ ಬಗೆ. ಊರಿನ ಸಕ್ಕರೆ ಕಾರಖಾನೆಯ ಗುಮಾಸ್ತನಿಗೆ ಈ ಚಿಂತೆಯಿಲ್ಲ; ಕಾರಖಾನೆಯೇ ತಿಂಗಳು ತಿಂಗಳು ಕರವನ್ನು ಮುರಿದು ಸರಕಾರಕ್ಕೆ ಕಟ್ಟುತ್ತದೆ. ಭಾರತದಲ್ಲಿ ನಡೆದ ಕೆಲಸಕ್ಕೆ ಸಂಬಳ ಕೊಡುವ ಪರದೇಶದ ಕಂಪನಿಗೂ ಈ ಹೊಣೆಯುಂಟೆಂಬುದನ್ನು 2009ರಲ್ಲಿ ಎಲೈ ಲಿಲ್ಲಿ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಆದರೆ ಇಲ್ಲಿ ಕಚೇರಿಯೇ ಇಲ್ಲದ ಕಂಪನಿಯು ಒಬ್ಬ ನೌಕರನಿಗಾಗಿ ಇಲ್ಲಿ ಖಾತೆ ತೆರೆದು ಕರ ಕಟ್ಟುವುದು ವಿರಳ. ಅದರಿಂದ ನೌಕರನೇ ತನ್ನ ಕರವನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. ವರ್ಷದ ಕರವು 10,000 ರೂಪಾಯಿ ಮುಟ್ಟುವವರು ಜೂನ್ 15ರೊಳಗೆ ಅದರ ನೂರಕ್ಕೆ 15ನ್ನು, ಸಪ್ಟೆಂಬರ್ 15ರೊಳಗೆ ಒಟ್ಟು 45ನ್ನು, ಡಿಸೆಂಬರ್ 15ರೊಳಗೆ ಒಟ್ಟು 75ನ್ನು, ಮಾರ್ಚ್ 15ರೊಳಗೆ ಪೂರ್ತಿಯನ್ನು ಕಟ್ಟಬೇಕು. ತಪ್ಪಿದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ.

ಒಂದು ಲೆಕ್ಕವನ್ನು ಮಾದರಿಗಾಗಿ ಕೊಡುತ್ತೇವೆ. 2025ರಲ್ಲಿ ಗೊತ್ತುಮಾಡಿದ ಹೊಸ ಪದ್ಧತಿಯ ದರಗಳಂತೆ, ವರ್ಷಕ್ಕೆ 20,75,000 ರೂಪಾಯಿ ಸಂಬಳವಿರುವವನಿಗೆ ಸಂಬಳದಾರರ 75,000ದ ಕಡಿತ ಹೋಗಿ 20,00,000 ಉಳಿಯುತ್ತದೆ. ಅದರ ಮೇಲಿನ ಕರ 2,00,000. ನೂರಕ್ಕೆ 4ರ ಮೇಲ್ತೆರಿಗೆ ಸೇರಿ 2,08,000. ಜೂನ್ ತಿಂಗಳಲ್ಲಿ 31,200 ರೂಪಾಯಿಯನ್ನೂ, ಸಪ್ಟೆಂಬರ್‌ನಲ್ಲಿ 62,400ನ್ನೂ, ಡಿಸೆಂಬರ್‌ನಲ್ಲಿ ಮತ್ತೆ 62,400ನ್ನೂ, ಮಾರ್ಚಿನಲ್ಲಿ 52,000ವನ್ನೂ ಅವನು ಕಟ್ಟಬೇಕು. ಕೈಗೆ ಬಂದ ಸಂಬಳವೆಲ್ಲ ತನ್ನದೆಂದು ಮನೆ ಕಟ್ಟಿಸಲು, ಮಗ್ಗದ ಸಾಲ ತೀರಿಸಲು ಖರ್ಚು ಮಾಡಿದವನಿಗೆ ಎರಡು ಮೂರು ವರ್ಷಗಳ ನಂತರ ನೋಟೀಸು ಬಂದರೆ, ಆ ಮನೆಯನ್ನೇ ಒತ್ತೆಯಿಡುವ ಪ್ರಸಂಗ ಬಂದೀತು. ಪ್ರತಿ ತಿಂಗಳೂ ಕರದ ಪಾಲನ್ನು ಬೇರೆ ಖಾತೆಯಲ್ಲಿ ತೆಗೆದಿಡುವುದೇ ಇದಕ್ಕೆ ಮದ್ದು.

ಎಲ್ಲಕ್ಕೂ ಮೊದಲು ನೋಡಬೇಕಾದುದು ಕರಾರುಪತ್ರವನ್ನು. ಸಾಹುಕಾರನ ಮಗ್ಗದ ಮೇಲೆ ಕೂಲಿಗೆ ನೇಯುವವನಿಗೂ, ಸ್ವಂತ ಮಗ್ಗದ ಮೇಲೆ ಹಲವರಿಗೆ ನೇಯ್ದುಕೊಡುವವನಿಗೂ ಇರುವ ಭೇದವನ್ನು ರಬಕವಿಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕಾಯಿದೆಯೂ ನೌಕರನನ್ನು ಒಂದು ಬಗೆಯಾಗಿ, ಸ್ವತಂತ್ರ ವೃತ್ತಿಯವನನ್ನು ಇನ್ನೊಂದು ಬಗೆಯಾಗಿ ಕಾಣುತ್ತದೆ. ಎಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ ಮೊದಲಾದ ನಿಗದಿತ ವೃತ್ತಿಗಳ ವಾಸಿಗೆ, ವರ್ಷದ ಜಮೆಯು 50 ಲಕ್ಷದೊಳಗಿದ್ದರೆ, ನಗದು ತೀರ ಕಡಿಮೆಯಿದ್ದಲ್ಲಿ 75 ಲಕ್ಷದೊಳಗಿದ್ದರೆ, ಜಮೆಯ ಅರ್ಧವನ್ನು ಆದಾಯವೆಂದು ತೋರಿಸಿ ಮಾರ್ಚ್ 15ಕ್ಕೆ ಒಂದೇ ಕಂತಿನಲ್ಲಿ ಕರ ಕಟ್ಟುವ ಸೌಲಭ್ಯವಿದೆ. 20 ಲಕ್ಷ ಜಮೆಯಿದ್ದು ಬೇರೆ ಆದಾಯವಿಲ್ಲದವನಿಗೆ ಹೀಗೆ 10 ಲಕ್ಷವೇ ಆದಾಯವಾಗಿ, 12 ಲಕ್ಷದವರೆಗಿನ ವಿನಾಯಿತಿಯಿಂದ ಕರವೇ ಬಾರದಿರಬಹುದು. ಆದರೆ ಸೇವೆಯ ಜಮೆಯು 20 ಲಕ್ಷ ಮೀರಿತೆಂದರೆ ಜಿಎಸ್‌ಟಿಯಲ್ಲಿ ಹೆಸರು ನೋಂದಿಸಬೇಕು. ವಿದೇಶಿ ಹಣದಲ್ಲಿ ಸಲ್ಲುವ ಸೇವೆಯ ರಫ್ತಿಗೆ, ಮುಚ್ಚಳಿಕೆ ಬರೆದುಕೊಟ್ಟರೆ, ತೆರಿಗೆ ಕಟ್ಟಬೇಕಿಲ್ಲ. ವಿವರಪತ್ರಗಳನ್ನು ಮಾತ್ರ ತಪ್ಪದೆ ಸಲ್ಲಿಸಬೇಕು. ನೌಕರನಿಗೆ ಜಿಎಸ್‌ಟಿಯ ಸಂಬಂಧವಿಲ್ಲ.

ಈ ಅಂತರವನ್ನು ಕಂಡು ನೌಕರರೆಲ್ಲ ಸ್ವತಂತ್ರ ವೃತ್ತಿಯವರೆಂದು ಹೆಸರು ಬರೆಸಿಕೊಳ್ಳಲು ಆತುರಪಡಬಾರದು. ಕಾಯಿದೆಯು ಹೆಸರನ್ನಲ್ಲ, ಸಂಬಂಧದ ಸ್ವರೂಪವನ್ನು ನೋಡುತ್ತದೆ. ಗೊತ್ತಾದ ವೇಳೆ, ರಜೆಯ ಲೆಕ್ಕ, ಮೇಲಧಿಕಾರಿಯ ಅಪ್ಪಣೆ, ಒಬ್ಬನೇ ಧಣಿ ಇವೆಲ್ಲ ಇದ್ದರೆ ಕರಾರಿನಲ್ಲಿ ಏನೇ ಬರೆದಿದ್ದರೂ ಅದು ನೌಕರಿಯೆನಿಸೀತು. ಇಲ್ಲಿ ಶಾಖೆಯಿದೆಯೆಂಬ ಆಪಾದನೆ ತಮಗೆ ಬಾರದಿರಲೆಂದು ಪರದೇಶದ ಕಂಪನಿಗಳೇ ಎಷ್ಟೋ ವೇಳೆ ತರುಣರನ್ನು ಸ್ವತಂತ್ರರೆಂದು ಬರೆಸಿಕೊಳ್ಳುತ್ತವೆ. ಅಂಥ ಕರಾರಿನಲ್ಲಿ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ, ಕಾಯಿಲೆಗೆ ವಿಮೆಯಿಲ್ಲ. ಡಾಲರಿನ ಮೊತ್ತವನ್ನು ನೋಡಿ ಮರುಳಾಗುವ ಮೊದಲು ಇವುಗಳ ಬೆಲೆಯನ್ನು ಕಳೆದು ಲೆಕ್ಕಹಾಕಬೇಕು.

ನಾವು ಪ್ರಜೆಗಳಿಗೆ ಮಾತ್ರ ಬುದ್ಧಿ ಹೇಳಿ ಸುಮ್ಮನಾಗಲಾರೆವು. ಸರಕಾರಕ್ಕೂ ಹೇಳುವ ಮಾತಿದೆ. ಕಾಯಿದೆಯ ಅಜ್ಞಾನವು ಕ್ಷಮೆಗೆ ಕಾರಣವಲ್ಲವೆಂಬುದು ನ್ಯಾಯವಾದರೆ, ಆ ಕಾಯಿದೆಯನ್ನು ಪ್ರಜೆಯ ಮಾತಿನಲ್ಲಿ ತಿಳಿಸುವುದೂ ನ್ಯಾಯವೇ. ದೂರದ ಧಣಿಗೆ ದುಡಿಯುವವರು ಮಾಡಬೇಕಾದುದೇನು, ಯಾವ ದಿನಾಂಕಕ್ಕೆ, ಯಾವ ನಮೂನೆಯಲ್ಲಿ ಎಂಬುದನ್ನು ನಾಲ್ಕು ಪುಟಗಳ ತಿಳಿಗನ್ನಡದಲ್ಲಿ ಅಚ್ಚುಹಾಕಿ ಬ್ಯಾಂಕು, ಅಂಚೆಕಚೇರಿ, ಕಾಲೇಜುಗಳಲ್ಲಿ ಹಂಚುವುದು ಆದಾಯ ಕರದ ಇಲಾಖೆಗೆ ದೊಡ್ಡ ಭಾರವೇನಲ್ಲ. ಜೂನ್ 15ಕ್ಕೆ ಮುಂಚೆ ತಾಲೂಕಿಗೊಂದು ದಿನ ಅಧಿಕಾರಿಗಳೇ ಬಂದು ಸಂಶಯಗಳನ್ನು ಪರಿಹರಿಸಿದರೆ ನೂರು ನೋಟೀಸುಗಳ ಕೆಲಸ ಉಳಿದೀತು. ಮಾಲಕನು ಮುರಿಯಬೇಕಾದ ಕರವನ್ನು ಮುರಿಯದಿದ್ದಾಗ, ಪ್ರಾಮಾಣಿಕವಾಗಿ ತಾನೇ ಕಟ್ಟಿದ ನೌಕರನನ್ನು ಪೀಡಿಸದಿರುವ ಉದಾರತೆಯೂ ಅಧಿಕಾರಿಗಳಲ್ಲಿರಬೇಕು.

1930ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ದಾಪುರ, ಹಿರೇಕೆರೂರುಗಳ ರೈತರು ಪರಸರಕಾರಕ್ಕೆ ಕರ ಕೊಡೆವೆಂದು ಹಟ ಹಿಡಿದು ಹೊಲಮನೆಗಳನ್ನು ಕಳೆದುಕೊಂಡರು. ತಾವು ಕೇಳದ ಆಡಳಿತಕ್ಕೆ ತಾವು ಕರ ತೆರುವುದಿಲ್ಲವೆಂಬುದು ಅವರ ತತ್ತ್ವವಾಗಿತ್ತು. ಆ ತತ್ತ್ವದ ಇನ್ನೊಂದು ಮುಖವೇ ನಮ್ಮ ಇಂದಿನ ಕರ್ತವ್ಯ. ಸರಕಾರವು ನಮ್ಮದಾದ ಮೇಲೆ ಕರವು ಕಪ್ಪವಲ್ಲ, ಮನೆತನದ ಖರ್ಚಿನಲ್ಲಿ ನಮ್ಮ ಪಾಲು. ಪರದೇಶದ ಧಣಿಗೆ ದುಡಿಯುವ ತರುಣನೂ ನಡೆಯುವುದು ಇಲ್ಲಿಯ ರಸ್ತೆಯಲ್ಲಿ. ಅವನ ಕಂಪ್ಯೂಟರ್ ಬೆಳಗುವುದು ಇಲ್ಲಿಯ ವಿದ್ಯುತ್ತಿನಿಂದ. ಅವನ ಮಕ್ಕಳು ಓದುವುದು ಇಲ್ಲಿಯ ಶಾಲೆಯಲ್ಲಿ. ಕೃಷ್ಣಾ ಘಟಪ್ರಭೆಗಳ ನೀರು ಕುಡಿದು ದುಡಿಯುವವನು ಈ ನೆಲದ ಪಾಲನ್ನು ಈ ನೆಲಕ್ಕೆ, ಕೇಳುವ ಮೊದಲೇ, ತಲೆಯೆತ್ತಿ ಸಲ್ಲಿಸಲಿ. ಸಲ್ಲಿಸಿದ ಪಾಲಿಗೆ ಲೆಕ್ಕ ಕೇಳುವ ಅಧಿಕಾರವೂ ಆಗ ಅವನದಾಗುತ್ತದೆ.