ಮೈಕ್ ಒತ್ತಿದ ಅಜ್ಜಿ

ಮೂಡಲಗಿಯ ನಮ್ಮ ಅಜ್ಜಿಗೆ ಓದು ಬಾರದು. ಮೊಣಕಾಲು ನೋವು, ಬಸ್ ಹತ್ತುವುದೂ ಕಷ್ಟ. ಮಹಾರಾಷ್ಟ್ರದ ಜತ್ತದಲ್ಲಿರುವ ತಂಗಿಗೆ ನಾನೇ ಫೋನ್ ಹಚ್ಚಿಕೊಡುತ್ತಿದ್ದೆ. ನಾನು ಹಾಸ್ಟೆಲ್‌ಗೆ ಹೋದರೆ ಅವರಿಬ್ಬರ ಮಾತೂ ಬಂದ್.

ಈ ರಜೆಯಲ್ಲಿ ಕಲಿಸಲು ಕುಳಿತೆ. ತಡೆಯಲಾರದೆ ಫೋನ್ ಕಸಿದು ನಾನೇ ಒತ್ತಿದಾಗ ಅಜ್ಜಿ, ‘ಎಲ್ಲಾ ನೀನ ಒತ್ತಿದ್ರ ನಾ ಕಲಿಯೂದು ಯಾವಾಗ?’ ಎಂದಳು. ಬಿಇ ಓದುವ ನನಗೆ ಅದೇ ಪಾಠ.

ವಾಟ್ಸ್‌ಆ್ಯಪ್‌ನಲ್ಲಿ ತಂಗಿಯ ಚಾಟ್ ಪಿನ್ ಮಾಡಿ ಮೇಲಿಟ್ಟೆ. ಫೋಟೊ ನೋಡಿ ಅದರ ಪಕ್ಕ ಮುಟ್ಟು, ಮೈಕ್ ಒತ್ತಿ ಹಿಡಿ, ಮಾತಾಡು, ಬಿಡು. ಅಕ್ಷರವೇ ಬೇಡ. ಒಟಿಪಿ ಯಾರಿಗೂ ಹೇಳಬಾರದು, ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿಸಬೇಕು ಎಂದೂ ತಿಳಿಸಿದೆ.

ಮೊನ್ನೆ ಹಾಸ್ಟೆಲ್‌ನಲ್ಲಿದ್ದಾಗ ಅಜ್ಜಿಯ ಧ್ವನಿ ಬಂತು: ‘ಉಂಡ್ಯೋ ಇಲ್ಲೋ?’

ಗೆಳೆಯರೇ, ಹಿರಿಯರಿಗೆ ಫೋನ್ ಹಚ್ಚಿಕೊಟ್ಟರೆ ಸಾಲದು; ಹಚ್ಚುವುದನ್ನು ಕಲಿಸಿ.